ಮನೆಗೆ ಒಳ್ಳೆಯ ಸ್ಪೀಕರ್ ಆರಿಸುವುದು ಹೇಗೆ? ಮೊದಲು ಟೇಪು ಹಿಡಿಯಿರಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಹಾಡು ಕೇಳೋಕಂತಲೇ ಮನೆಯಲ್ಲಿ ಒಂದು ರೂಮ್ ಬಿಟ್ಟಿದ್ದೇವೆ. ಎರಡು ಲಕ್ಷದವರೆಗೆ ಹಾಕಬಹುದು. ಯಾವ ಕಂಪನಿ ಸ್ಪೀಕರ್ ತಗೊಳ್ಳೋದು?" ಒಬ್ಬರ ಬಜೆಟ್ ಐವತ್ತು ಸಾವಿರ, ಇನ್ನೊಬ್ಬರದು ಐದು ಲಕ್ಷ. ಪ್ರಶ್ನೆ ಮಾತ್ರ ಅದೇ.

ಕಂಪನಿ ಹೆಸರು ಹೇಳುವುದು ಕಷ್ಟವಲ್ಲ. ಆದರೆ ನಿಮ್ಮ ರೂಮಿನ ಉದ್ದ, ಅಗಲ, ಎತ್ತರ ಗೊತ್ತಿಲ್ಲದೆ ಹೇಳಿದರೆ ಅದು ಸುಮ್ನೆ ಬಾಯಿಗೆ ಬಂದ ಹೆಸರಾಗುತ್ತದೆ. ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನ ದನಿಯಲ್ಲಿ ಸ್ಪೀಕರ್‌ನಷ್ಟೇ ಕೋಣೆಯದೂ ಕೈವಾಡ ಇರುತ್ತದೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಗಾಳಿ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಸಂಖ್ಯೆ ಇಳಿದಷ್ಟೂ ದನಿ ದಪ್ಪ. ತಬಲಾದ ಡಗ್ಗ, ಡೊಳ್ಳು, ಬೇಸ್ ಗಿಟಾರ್, ಗಂಡಸರ ಕಂಠದ ಬುಡ, ಎಲ್ಲ ಇರುವುದು ಅಲ್ಲೇ. ಲಕ್ಷ ಕೊಟ್ಟು ತಂದ ಸ್ಪೀಕರ್ ಮನೆಯಲ್ಲಿ ಗುಂಯ್ ಅನ್ನುತ್ತಿದ್ದರೆ, ಕಂಪನಿಯನ್ನು ಬೈಯುವ ಮೊದಲು ಕೋಣೆಯನ್ನೂ ಸ್ಪೀಕರ್ ಇಟ್ಟ ಜಾಗವನ್ನೂ ನೋಡಬೇಕು.

ಹಾಗಾಗಿ ಅಂಗಡಿಗೆ ಹೋಗುವುದು ಇಲ್ಲಿ ಏಳನೇ ಹಂತ. ಅದಕ್ಕೂ ಮೊದಲು ಮನೆಯಲ್ಲೇ ಮಾಡುವ ಕೆಲಸ ಇದೆ. ಒಂದು ಟೇಪು, ಒಂದು ಹಾಳೆ, ಒಂದು ಕೈಗನ್ನಡಿ, ಮೊಬೈಲ್, ಜೊತೆಗೆ ಸಹಾಯಕ್ಕೆ ಮನೆಯವರೊಬ್ಬರು ಸಾಕು.

ಹಂತ 1: ಕೋಣೆ ಅಳೆಯಿರಿ

ಉದ್ದ, ಅಗಲ, ಎತ್ತರ ಮೂರನ್ನೂ ಅಡಿಯಲ್ಲಿ ಬರೆದುಕೊಳ್ಳಿ. ಈಗ 563 ಅನ್ನು ಒಂದೊಂದು ಅಳತೆಯಿಂದಲೂ ಭಾಗಿಸಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ 1125 ಅಡಿ ಹೋಗುತ್ತದೆ. ಅದರ ಅರ್ಧವೇ ಈ 563. ಭಾಗಿಸಿ ಬಂದ ಸಂಖ್ಯೆಯೇ ಆ ಎರಡು ಎದುರುಬದುರು ಗೋಡೆಗಳ ನಡುವೆ ದನಿ ಮೊರೆಯುವ ಮೊದಲ ಹರ್ಟ್ಜ್. 10 ಅಡಿಗೆ 56, 12 ಅಡಿಗೆ 47, 15 ಅಡಿಗೆ 37 ಚಿಲ್ಲರೆ, 18 ಅಡಿಗೆ 31. ಆ ಸಂಖ್ಯೆಯ ಎರಡರಷ್ಟು, ಮೂರರಷ್ಟರಲ್ಲೂ ಮೊರೆತ ಇರುತ್ತದೆ.

ನಮ್ಮ ಕಡೆ ಬೆಡ್‌ರೂಮ್ ಅಂದರೆ ಹೆಚ್ಚಾಗಿ 10ಕ್ಕೆ 12 ಅಡಿ, ಮೇಲೆ 10 ಅಡಿಗೆ ಆರ್‌ಸಿಸಿ. ಇಲ್ಲಿ ಅಗಲವೂ ಎತ್ತರವೂ ಒಂದೇ ಆಯಿತು, ಅಲ್ವಾ? ಎರಡರ ಮೊರೆತವೂ 56 ಹರ್ಟ್ಜ್‌ನಲ್ಲೇ ಬಂದು ಕೂರುತ್ತದೆ. ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ಕೋಣೆ ಉಬ್ಬಿದಂತೆ ಕೇಳುತ್ತದೆ. 10ಕ್ಕೆ 10, ಎತ್ತರವೂ 10 ಇದ್ದರೆ ಮೂರೂ ಒಂದೇ ಕಡೆ. ಅಂಥ ಕೋಣೆ ಬಿಟ್ಟು ಬೇರೆ ಕೋಣೆ ಇದ್ದರೆ ಅದನ್ನೇ ಆರಿಸಿ. ಹೊಸ ಮನೆ ಕಟ್ಟಿಸುತ್ತಿದ್ದರೆ ಮೂರೂ ಅಳತೆ ಬೇರೆ ಬೇರೆ ಬರುವಂತೆ, ಒಂದು ಇನ್ನೊಂದರ ಎರಡರಷ್ಟೂ ಆಗದಂತೆ, ಈಗಲೇ ಎಂಜಿನಿಯರ್‌ಗೆ ಹೇಳಿ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಏನೂ ಮಾಡಲಾಗದು.

ಇಲ್ಲೊಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ಓದುವ ಅಮೆರಿಕದ ವಿಮರ್ಶೆಗಳನ್ನು ಬರೆದವರು ಹೆಚ್ಚಾಗಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದ ಮನೆಯಲ್ಲಿ ಕೂತು ಕೇಳಿರುತ್ತಾರೆ. ಆ ಗೋಡೆಗಳು ದಪ್ಪ ದನಿಯನ್ನು ಒಂದಷ್ಟು ಹೀರುತ್ತವೆ, ಒಂದಷ್ಟು ಆಚೆಗೆ ಬಿಡುತ್ತವೆ. ನಮ್ಮದು ಇಟ್ಟಿಗೆ, ಸಿಮೆಂಟ್, ಕಾಂಕ್ರೀಟ್. ಹೀರುವುದು ತೀರಾ ಕಡಿಮೆ, ದಪ್ಪ ದನಿ ಒಳಗೇ ಉಳಿಯುತ್ತದೆ. ಅವರು 'ಬೇಸ್ ಸ್ವಲ್ಪ ಕಡಿಮೆ' ಎಂದು ಬರೆದ ಸ್ಪೀಕರ್ ನಮ್ಮ ಮನೆಯಲ್ಲಿ ಹದವಾಗಿ ಕೇಳಬಹುದು. ಅವರು 'ಭರ್ಜರಿ ಬೇಸ್' ಎಂದದ್ದು ಇಲ್ಲಿ ಕಿವಿ ಕೊರೆಯಬಹುದು.

ಹಂತ 2: ಸ್ಪೀಕರ್ ಎಲ್ಲಿ, ನೀವು ಎಲ್ಲಿ

ಕೋಣೆ ಉದ್ದವಾಗಿದ್ದರೆ ಚಿಕ್ಕ ಗೋಡೆಯ ಕಡೆ ಸ್ಪೀಕರ್ ಇಟ್ಟು, ಉದ್ದಕ್ಕೆ ಮುಖ ಮಾಡಿ ಕೂರುವುದು ಒಳ್ಳೆಯದು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗಬೇಕು. ಸ್ಪೀಕರ್‌ಗಳ ನಡುವೆ 7 ಅಡಿ ಇದ್ದರೆ ನೀವೂ ಪ್ರತಿಯೊಂದರಿಂದ 7 ಅಡಿ ದೂರ.

ಹಿಂದಿನ ಗೋಡೆಗೆ ತಲೆ ತಾಗಿಸಿ ಕೂರಬೇಡಿ. ಅಲ್ಲಿ ಬೇಸ್ ಗುಡ್ಡೆ ಹಾಕಿಕೊಳ್ಳುತ್ತದೆ. ಕೋಣೆಯ ನಟ್ಟನಡುವೆಯೂ ಬೇಡ, ಅಲ್ಲಿ ಕೆಲವು ಸ್ವರಗಳೇ ಮಾಯ. ಹಿಂದಿನ ಗೋಡೆಯಿಂದ ಉದ್ದದ ಐದರಲ್ಲಿ ಎರಡು ಪಾಲು ಮುಂದೆ ಕುರ್ಚಿ ಹಾಕಿ ಶುರು ಮಾಡಿ. ಆಮೇಲೆ ಅರ್ಧರ್ಧ ಅಡಿ ಹಿಂದೆ ಮುಂದೆ ಸರಿಸಿ ಕೇಳಿ.

ಸ್ಪೀಕರ್ ಹಿಂದೆ ಎಷ್ಟು ಜಾಗ ಬಿಡಲು ಸಾಧ್ಯ ಅನ್ನುವುದನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ಕೊಳ್ಳುವಾಗ ಅತಿ ಜಾಸ್ತಿ ಬೇಕಾಗುವುದು ಈ ಅಳತೆ. ಸ್ಪೀಕರ್‌ನಿಂದ ಹಿಂದಕ್ಕೆ ಹೋದ ದಪ್ಪ ದನಿ ಗೋಡೆಗೆ ಬಡಿದು ತಿರುಗಿ ಬಂದು, ಮುಂದೆ ಹೊರಟ ದನಿಯನ್ನು ಒಂದು ನಿರ್ದಿಷ್ಟ ಹರ್ಟ್ಜ್‌ನಲ್ಲಿ ಅಳಿಸಿ ಹಾಕುತ್ತದೆ. ಸ್ಪೀಕರ್ ಮುಖ ಗೋಡೆಯಿಂದ 2 ಅಡಿ ಮುಂದಿದ್ದರೆ ಅದು ಸುಮಾರು 140 ಹರ್ಟ್ಜ್, ಗಂಡಸರ ದನಿಯ ಮೈ ಇರುವ ಜಾಗ. ದನಿ ತೆಳ್ಳಗಾಯಿತು ಅನ್ನಿಸಿದರೆ ಆರು ಇಂಚು ಸರಿಸಿ ನೋಡಿ. ಖರ್ಚಿಲ್ಲದ ಈ ಕೆಲಸ ಎಷ್ಟೋ ಸಲ, ಸ್ಪೀಕರ್‌ಗೆ ಶಕ್ತಿ ಕೊಡುವ ಯಂತ್ರವಾದ ಹೊಸ ಆಂಪ್ಲಿಫೈಯರ್‌ಗಿಂತ ದೊಡ್ಡ ವ್ಯತ್ಯಾಸ ತರುತ್ತದೆ.

ಹಂತ 3: ಟೈಲ್ಸ್ ಕೋಣೆಯನ್ನು ಪಳಗಿಸಿ

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ 'ಟ್ರ್‌ರ್‌' ಎಂಬ ತಂತಿ ಮೀಟಿದಂಥ ಸದ್ದು ಬಂದರೆ, ಎದುರುಬದುರು ಬೋಳು ಗೋಡೆಗಳ ನಡುವೆ ದನಿ ಪುಟಿಯುತ್ತಿದೆ ಎಂದರ್ಥ. ವಿಟ್ರಿಫೈಡ್ ಟೈಲ್ಸ್ ನೆಲ, ಪುಟ್ಟಿ ಹಚ್ಚಿದ ನುಣುಪು ಗೋಡೆ, ದೊಡ್ಡ ಗಾಜಿನ ಕಿಟಕಿ ಇರುವ ಕಡೆ ಇದು ಬಂದೇ ಬರುತ್ತದೆ.

ಈಗ ಕುರ್ಚಿಯಲ್ಲಿ ಕೂತು, ಮನೆಯವರ ಕೈಯಲ್ಲಿ ಕನ್ನಡಿ ಕೊಟ್ಟು ಪಕ್ಕದ ಗೋಡೆಯುದ್ದಕ್ಕೂ ಸರಿಸಲು ಹೇಳಿ. ಸ್ಪೀಕರ್ ಇಡುವ ಜಾಗ ಕನ್ನಡಿಯಲ್ಲಿ ಎಲ್ಲಿ ಕಾಣುತ್ತದೋ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ಸ್ಪೀಕರ್‌ನ ದನಿ ಗೋಡೆಗೆ ತಾಗಿ ಮೊದಲು ನಿಮ್ಮ ಕಿವಿಗೆ ಬರುವುದು ಅಲ್ಲಿಂದಲೇ. ಎರಡೂ ಪಕ್ಕದ ಗೋಡೆಗಳಲ್ಲಿ ಹೀಗೆ ಗುರುತಿಸಿ.

ಗುರುತು ಹಾಕಿದ ಕಡೆ ಏನು ಹಾಕಬೇಕು? ಚಳ್ಳಕೆರೆಯ ಕುರಿ ಉಣ್ಣೆ ಕಂಬಳಿ ನಮ್ಮ ಜಿಲ್ಲೆಗಳಲ್ಲೇ ಸಿಗುತ್ತದೆ, ಒಳ್ಳೆಯ ಸಾಮಗ್ರಿ. ದಪ್ಪ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಗೋಡೆಗೆ ಅಂಟಿಸದೆ ಮೂರು ನಾಲ್ಕು ಇಂಚು ಮುಂದೆ ಕೋಲಿಗೆ ಇಳಿಬಿಡಿ. ಹಿಂದಿನ ಗಾಳಿಯ ಅಂತರ ಇದ್ದಷ್ಟೂ ಹೀರುವ ಶಕ್ತಿ ಜಾಸ್ತಿ. ನೆಲಕ್ಕೆ, ಸ್ಪೀಕರ್ ಮತ್ತು ಕುರ್ಚಿಯ ನಡುವೆ, ದಪ್ಪ ಜಮಖಾನ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಹಾಗೇ ಇರಲಿ.

ಆದರೆ ಕಂಬಳಿ ಹೀರುವುದು ಸಣ್ಣ, ಚೂಪು ದನಿಯನ್ನು ಮಾತ್ರ. ಬೇಸ್ ಅದಕ್ಕೆ ಜಗ್ಗುವುದಿಲ್ಲ. ನಾಲ್ಕೂ ಗೋಡೆಗೆ ಕಂಬಳಿ ಅಥವಾ ತೆಳು ಫೋಮ್ ಹೊಡೆದರೆ ಚೂಪು ದನಿ ಸತ್ತು, ಮೊರೆತ ಹಾಗೇ ಉಳಿದು, ಕೋಣೆ ಇನ್ನೂ ಮಂಕಾಗುತ್ತದೆ. ಹೊಸದಾಗಿ ಕೋಣೆ ಮಾಡುವವರು ಬೀಳುವ ದೊಡ್ಡ ಹಳ್ಳ ಇದೇ. ಬೇಸ್‌ಗೆ ಮೂಲೆಗಳಲ್ಲಿ, ಕಲ್ಲಿನ ಎಳೆಗಳಿಂದ ಮಾಡಿದ ದಪ್ಪ ರಾಕ್‌ವೂಲ್ ಬೇಕು. ಕನಿಷ್ಠ ನಾಲ್ಕು ಇಂಚು ದಪ್ಪ, ಬಡಗಿಯಿಂದ ಚೌಕಟ್ಟು ಮಾಡಿಸಿ ಬಟ್ಟೆ ಹೊದಿಸಿ, ನೆಲದಿಂದ ಮೇಲಿನವರೆಗೆ ಮೂಲೆಗೆ ಅಡ್ಡಲಾಗಿ ನಿಲ್ಲಿಸಿ. ರಾಕ್‌ವೂಲ್ ಕತ್ತರಿಸುವಾಗ ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲೇಬೇಕು.

ಇನ್ನೆರಡು ವಿಷಯ. ಬೇಸ್ ಜಾಸ್ತಿ ಇರುವ ಹಾಡು ಹಾಕಿ ಕೋಣೆ ಸುತ್ತಿ. ಶೋಕೇಸ್ ಗಾಜು, ಕಿಟಕಿಯ ಸರಳು, ಪಕ್ಕದ ದೇವರ ಮನೆಯ ಗಂಟೆ, ಸ್ವಿಚ್ ಬೋರ್ಡಿನ ಪ್ಲೇಟು, ಯಾವುದು ಗುರುಗುಟ್ಟುತ್ತದೆ ಎಂದು ಕೈಯಿಟ್ಟು ಹುಡುಕಿ ಬಿಗಿ ಮಾಡಿ. ಇನ್ನು ಸೀಲಿಂಗ್ ಫ್ಯಾನ್. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ನಮ್ಮ ಊರಲ್ಲಿ ಆಗದ ಮಾತು. ಆದರೆ ತಿರುಗುವ ರೆಕ್ಕೆಗಳು ದನಿಯನ್ನು ಅಲುಗಿಸುತ್ತವೆ. ತಂಬೂರಿಯ ಉದ್ದನೆಯ ನಾದ ನಡುಗಿದಂತೆ ಕೇಳುತ್ತದೆ. ಫ್ಯಾನ್ ನಿಮ್ಮ ತಲೆಯ ಹಿಂದಕ್ಕೆ ಬರುವಂತೆ ಕೂರಿ, ಇಲ್ಲವೇ ಕೇಳುವ ಮುಂಚೆ ಎಸಿಯಲ್ಲಿ ಕೋಣೆ ತಣ್ಣಗೆ ಮಾಡಿಟ್ಟುಕೊಳ್ಳಿ.

ಹಂತ 4: ಗಾತ್ರ ತೀರ್ಮಾನಿಸಿ

ಸ್ಟ್ಯಾಂಡ್ ಮೇಲೆ ಕೂರುವ ಚಿಕ್ಕದು ಬುಕ್‌ಶೆಲ್ಫ್. ನೆಲದ ಮೇಲೇ ನಿಲ್ಲುವ ಎತ್ತರದ್ದು ಫ್ಲೋರ್‌ಸ್ಟ್ಯಾಂಡರ್, ಅಂಗಡಿಯವರ ಬಾಯಲ್ಲಿ ಟವರ್. ದಪ್ಪ ದನಿಗೆ ಮಾತ್ರ ಇರುವ ಪ್ರತ್ಯೇಕ ಪೆಟ್ಟಿಗೆ ಸಬ್‌ವೂಫರ್.

10ಕ್ಕೆ 12 ಅಡಿಯ ಕೋಣೆಗೆ 5 ರಿಂದ 6.5 ಇಂಚು ವೂಫರ್ ಇರುವ ಒಳ್ಳೆಯ ಬುಕ್‌ಶೆಲ್ಫ್ ಸಾಕು. ವೂಫರ್ ಅಂದರೆ ದಪ್ಪ ದನಿಯ ದೊಡ್ಡ ಕೋನು, ಟ್ವೀಟರ್ ಅಂದರೆ ಮೇಲಿನ ಪುಟ್ಟ ಗುಮ್ಮಟ. 12ಕ್ಕೆ 16 ಅಡಿ ಇದ್ದರೆ ದೊಡ್ಡ ಬುಕ್‌ಶೆಲ್ಫ್ ಅಥವಾ ತೆಳ್ಳನೆಯ ಟವರ್. ಹಾಲ್ 15ಕ್ಕೆ 20ರ ಮೇಲಿದ್ದರೆ ದೊಡ್ಡ ಟವರ್ ಧೈರ್ಯವಾಗಿ ನೋಡಿ.

"ದುಡ್ಡಿದೆ, ದೊಡ್ಡದೇ ಇರಲಿ" ಎಂದು ಚಿಕ್ಕ ಕೋಣೆಗೆ ಆಳೆತ್ತರದ ಟವರ್ ತರಬೇಡಿ. ಇಂಗ್ಲೆಂಡಿನ ಬಿಬಿಸಿ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನ್ ಒಳಗೆ ಇಟ್ಟು ಕೇಳಲೆಂದು ಎಲ್‌ಎಸ್ 3/5ಎ ಎಂಬ ಸ್ಪೀಕರ್ ರೂಪಿಸಿತು. ಎತ್ತರ ಸುಮಾರು ಒಂದು ಅಡಿ, ಅಷ್ಟೇ. ಇಕ್ಕಟ್ಟಾದ ಜಾಗದಲ್ಲಿ ಮನುಷ್ಯರ ದನಿ ನಿಜವಾಗಿ ಕೇಳಬೇಕು ಅನ್ನುವುದೇ ಅದರ ಗುರಿ. ಆ ವಿನ್ಯಾಸವನ್ನು ಇವತ್ತಿಗೂ ಕೆಲವು ಕಂಪನಿಗಳು ತಯಾರಿಸಿ ಮಾರುತ್ತವೆ, ಜನ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾರೆ.

ಸ್ಪೀಕರ್ ಹಿಂಭಾಗದಲ್ಲಿ ಗಾಳಿ ಹೋಗುವ ದುಂಡು ತೂತು ಇದ್ದರೆ ಅದಕ್ಕೆ ಪೋರ್ಟ್ ಎನ್ನುತ್ತಾರೆ. ಎರಡನೇ ಹಂತದಲ್ಲಿ ಬರೆದುಕೊಂಡ ಅಳತೆ ಒಂದು ಅಡಿಗಿಂತ ಕಡಿಮೆಯಾಗಿದ್ದರೆ ಪೂರ್ತಿ ಮುಚ್ಚಿದ ಪೆಟ್ಟಿಗೆಯದು ಅಥವಾ ಮುಂದೆ ಪೋರ್ಟ್ ಇರುವುದನ್ನು ನೋಡುವುದು ಮೇಲು.

ಹಂತ 5: ಪಟ್ಟಿಯಲ್ಲಿ ಓದಬೇಕಾದ ಮೂರು ಸಂಖ್ಯೆ

ಮೊದಲನೆಯದು ಸೆನ್ಸಿಟಿವಿಟಿ. ನಿಗದಿತ ಅಲ್ಪ ವಿದ್ಯುತ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಜೋರು ಎಂಬ ಲೆಕ್ಕ, ಡೆಸಿಬೆಲ್‌ನಲ್ಲಿ. 3 ಡೆಸಿಬೆಲ್ ಹೆಚ್ಚಬೇಕಾದರೆ ಆಂಪ್ಲಿಫೈಯರ್ ಶಕ್ತಿ ಎರಡರಷ್ಟಾಗಬೇಕು. ಅಂದರೆ 90 ಡೆಸಿಬೆಲ್ ಸ್ಪೀಕರ್‌ಗೆ 50 ವಾಟ್ ಮಾಡುವ ಕೆಲಸಕ್ಕೆ 84ರ ಸ್ಪೀಕರ್‌ಗೆ 200 ವಾಟ್ ಬೇಕು. ಹೀಗಾಗಿ 84 ಎಂದು ಬರೆದಿರುವ ಸ್ಪೀಕರ್‌ನ ಬೆಲೆಗೆ ದೊಡ್ಡ ಆಂಪ್ಲಿಫೈಯರ್ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಎರಡನೆಯದು ಇಂಪೀಡೆನ್ಸ್, ಅಂದರೆ ಆಂಪ್ಲಿಫೈಯರ್‌ಗೆ ಸ್ಪೀಕರ್ ಒಡ್ಡುವ ತಡೆ, ಓಮ್‌ನಲ್ಲಿ. ಸಂಖ್ಯೆ ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಜಾಸ್ತಿ ಕರೆಂಟ್ ಕೊಡಬೇಕು. 8 ಓಮ್ ಎಂದು ಬರೆದರೂ ಕೆಲವು ಸ್ವರಗಳಲ್ಲಿ ಅದು 4ಕ್ಕಿಂತ ಕೆಳಗೆ ಇಳಿಯುವುದುಂಟು. 'ಕನಿಷ್ಠ ಇಂಪೀಡೆನ್ಸ್ ಎಷ್ಟು' ಎಂದು ಕೇಳಿ. ನಿಮ್ಮ ಆಂಪ್ಲಿಫೈಯರ್ 4 ಓಮ್ ತಾಳುತ್ತದೆಯೇ ಎಂಬುದನ್ನು ಹೆಚ್ಚಾಗಿ ಅದರ ಹಿಂಭಾಗದಲ್ಲೇ ಬರೆದಿರುತ್ತಾರೆ.

ಮೂರನೆಯದು ಫ್ರೀಕ್ವೆನ್ಸಿ ರೆಸ್ಪಾನ್ಸ್, ಎಷ್ಟು ದಪ್ಪದಿಂದ ಎಷ್ಟು ಸಣ್ಣದವರೆಗೆ ನುಡಿಯುತ್ತದೆ ಎನ್ನುವುದು. ಪಕ್ಕದಲ್ಲಿ 'ಪ್ಲಸ್ ಅಥವಾ ಮೈನಸ್ 3 ಡೆಸಿಬೆಲ್' ಎಂಬ ಮಾತು ಇದ್ದರೆ ಮಾತ್ರ ನಂಬಿ. ಅಂದರೆ ಆ ಮಿತಿಯೊಳಗಿನ ಯಾವ ಸ್ವರವೂ 3 ಡೆಸಿಬೆಲ್‌ಗಿಂತ ಹೆಚ್ಚು ಏರುವುದಿಲ್ಲ, ಇಳಿಯುವುದಿಲ್ಲ. ಬರೀ '30 ರಿಂದ 30,000 ಹರ್ಟ್ಜ್' ಎಂದಿದ್ದರೆ ಅದು ಜಾಹೀರಾತು. ಪಿಯಾನೋದ ಅತಿ ಕೆಳಗಿನ ಸ್ವರ 27.5 ಹರ್ಟ್ಜ್, ನಾಲ್ಕು ತಂತಿಯ ಬೇಸ್ ಗಿಟಾರ್‌ನದು 41. ಹಿಂದೂಸ್ತಾನಿ, ಕರ್ನಾಟಕಿ, ವಚನ ಗಾಯನ, ಹಳೆಯ ಸಿನಿಮಾ ಹಾಡು ಕೇಳುವವರಿಗೆ 50 ಹರ್ಟ್ಜ್‌ವರೆಗೆ ಗಟ್ಟಿಯಾಗಿ ಇಳಿಯುವ ಸ್ಪೀಕರ್ ಬೇಕಾದಷ್ಟು.

'500 ವಾಟ್' ಎಂದು ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಸ್ಪೀಕರ್ ತಾಳಿಕೊಳ್ಳುವ ಮಿತಿ. ಗುಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹಂತ 6: ಆಂಪ್ಲಿಫೈಯರ್ ಮತ್ತು ಹಣದ ಹಂಚಿಕೆ

ಒಟ್ಟು ಹಣದಲ್ಲಿ ಅರ್ಧ ಸ್ಪೀಕರ್‌ಗೆ, ಮೂರನೇ ಒಂದು ಪಾಲು ಆಂಪ್ಲಿಫೈಯರ್ ಮತ್ತು ಹಾಡು ನುಡಿಸುವ ಪ್ಲೇಯರ್‌ಗೆ, ಉಳಿದದ್ದು ಕೋಣೆಗೆ. ನನ್ನ ಸಲಹೆ ಇದು. ಕೋಣೆಯ ಪಾಲನ್ನು ದಯವಿಟ್ಟು ಮುಟ್ಟಬೇಡಿ. ಮಧ್ಯಮ ಗಾತ್ರದ ಕೋಣೆ, 87 ಡೆಸಿಬೆಲ್ ಸ್ಪೀಕರ್ ಆದರೆ ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರ್‌ಗೆ, 50 ರಿಂದ 100 ಪ್ರಾಮಾಣಿಕ ವಾಟ್ ಸಾಕು. ಸಣ್ಣ ಆಂಪ್ಲಿಫೈಯರನ್ನು ತುದಿಗೇರಿಸಿದರೆ ದನಿ ಒಡೆಯುತ್ತದೆ. ಆ ಒಡೆದ ದನಿಯೇ ಟ್ವೀಟರ್ ಸುಡುತ್ತದೆ.

ಹಂತ 7: ಈಗ ಕೇಳಲು ಹೋಗಿ

ದೊಡ್ಡ ಬ್ರಾಂಡ್‌ಗಳನ್ನು ಒಂದೆಡೆ ಕೂತು ಹೋಲಿಸಿ ಕೇಳಲು ನಮ್ಮವರು ಸಾಮಾನ್ಯವಾಗಿ ಬೆಂಗಳೂರಿಗೇ ಹೋಗುತ್ತಾರೆ. ಬೆಳಗಿನ ರೈಲು ಹತ್ತಿ ಹೋಗುವುದಾದರೆ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳಿ. ಶನಿವಾರ, ಭಾನುವಾರ ಬೇಡ. ಒಂದು ದಿನಕ್ಕೆ ಮೂರು ಜೋಡಿಗಿಂತ ಜಾಸ್ತಿ ಕೇಳಬೇಡಿ, ಕಿವಿ ದಣಿದು ಎಲ್ಲ ಒಂದೇ ಥರ ಆಗುತ್ತದೆ.

ಅಂಗಡಿಯವರ ಹಾಡಿಗೆ ಒಪ್ಪಬೇಡಿ. ಯಾವ ಸ್ಪೀಕರ್‌ನಲ್ಲೂ ಚೆನ್ನಾಗಿ ಕೇಳುವಂಥ ಹಾಡನ್ನೇ ಅವರು ಇಟ್ಟಿರುತ್ತಾರೆ. ನಿಮ್ಮದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಹೀಗೆ ಆರಿಸಿಕೊಳ್ಳಿ.

ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಹಳೆಯ ಮೋನೊ ಧ್ವನಿಮುದ್ರಣ ಒಂದು. ಮೋನೊದಲ್ಲಿ ಎರಡೂ ಸ್ಪೀಕರ್‌ಗೆ ಒಂದೇ ದನಿ ಹೋಗುತ್ತದೆ. ಹಾಗಾಗಿ ಹಾಡುಗಾರರು ಸರಿಯಾಗಿ ನಡುವೆ, ಒಂದು ಬಿಂದುವಿನಲ್ಲಿ ಕೂತಂತೆ ಕೇಳಬೇಕು. ಗಂಗೂಬಾಯಿಯವರ ಭಾರದ ಕಂಠ ಎದೆಯಿಂದ ಬಂದಂತಿರಬೇಕು, ಡಬ್ಬದ ಒಳಗಿನಿಂದ ಬಂದಂತಿರಬಾರದು. ಹಿಂದಿನ ತಂಬೂರಿಯನ್ನು ಬೇರೆಯಾಗಿ ಹಿಂಬಾಲಿಸಿ. ತಂತಿಯ ಝೇಂಕಾರ ಕಡಿಯದೆ ಹರಿಯಬೇಕು. ಅದು ಬರೀ 'ಸ್ಸ್' ಎಂಬ ಮಬ್ಬಾದರೆ ಟ್ವೀಟರ್ ಸರಿಯಿಲ್ಲ.

ವಚನ ಗಾಯನ ಒಂದು. 'ಶ', 'ಸ', 'ಚ' ಬಂದಾಗ ಕಿವಿಗೆ ಚುಚ್ಚಬಾರದು. ತಬಲಾ ಸೋಲೊ ಒಂದು. ಡಗ್ಗದ ಮೇಲೆ ಅಂಗೈ ಜಾರಿಸಿದಾಗ ಏರುವ 'ಗೇ' ಸ್ವರ ಸಲೀಸಾಗಿ ಏರಬೇಕು. ನಡುವೆ ಒಂದು ಜಾಗದಲ್ಲಿ ಉಬ್ಬಿದರೆ ಅದು ಕೋಣೆಯ ಅಥವಾ ಪೆಟ್ಟಿಗೆಯ ಮೊರೆತ. ಕೊನೆಗೆ ನೀವು ದಿನಾ ಕೇಳುವ ಸಿನಿಮಾ ಹಾಡು ಒಂದಿರಲಿ.

ಹೋಲಿಸುವಾಗ ಎರಡೂ ಜೋಡಿಯ ವಾಲ್ಯೂಮ್ ಒಂದೇ ಇರಬೇಕು. ಸ್ವಲ್ಪ ಜೋರಾಗಿರುವುದು ಯಾವಾಗಲೂ 'ಚೆನ್ನಾಗಿದೆ' ಅನ್ನಿಸುತ್ತದೆ, ಮಾರುವವರಿಗೂ ಇದು ಗೊತ್ತು. ಮೊಬೈಲ್‌ನ ಡೆಸಿಬೆಲ್ ಆಪ್ ಇಟ್ಟು ಕೂತ ಜಾಗದಲ್ಲಿ ಅಳೆಯಿರಿ. ನಿಖರ ಅಲ್ಲದಿದ್ದರೂ ಹೋಲಿಕೆಗೆ ಸಾಕು.

ಸಾಧ್ಯವಾದರೆ ಕಣ್ಣು ಮುಚ್ಚಿ, ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಕೇಳಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲೂ ಆಮೇಲೆ ಹಾರ್ಮನ್ ಎಂಬ ಆಡಿಯೊ ಕಂಪನಿಯಲ್ಲೂ ಧ್ವನಿ ಸಂಶೋಧಕ ಫ್ಲಾಯ್ಡ್ ಟೂಲ್ ಅವರು ವರ್ಷಗಟ್ಟಲೆ ಪರದೆಯ ಹಿಂದೆ ಸ್ಪೀಕರ್ ಇಟ್ಟು ಜನರಿಗೆ ಕೇಳಿಸಿದರು. ಹೆಸರು, ಬೆಲೆ, ಅಂದ ಕಾಣದಿದ್ದಾಗ ಬಹುಪಾಲು ಜನ ಮೆಚ್ಚಿದ್ದು ಎಲ್ಲ ಸ್ವರವನ್ನೂ ಸಮವಾಗಿ, ಪಕ್ಕಕ್ಕೂ ಅಷ್ಟೇ ಹದವಾಗಿ ಚೆಲ್ಲುವ ಸ್ಪೀಕರ್‌ಗಳನ್ನು. ಕಂಡಾಗ ಅಂಕಗಳು ಬದಲಾದವು. ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಅಂಗಡಿಯ ಡೆಮೊ ರೂಮ್ ಪಳಗಿಸಿದ ಕೋಣೆ. ಅಲ್ಲಿ ಕೇಳಿದ್ದು ನಿಮ್ಮ ವಿದ್ಯಾನಗರದ ಮನೆಯಲ್ಲಿ ಕೇಳುತ್ತದೆ ಎಂಬ ಖಾತ್ರಿ ಇಲ್ಲ. ಅದಕ್ಕೇ ಕೊನೆಯ ತೀರ್ಮಾನ ಮನೆಯಲ್ಲಿ ಕೇಳಿದ ಮೇಲೆ. 'ಮನೆಗೆ ಕಳಿಸಿ, ಒಂದು ವಾರ ಕೇಳುತ್ತೇನೆ, ಅಡ್ವಾನ್ಸ್ ಇಟ್ಟುಕೊಳ್ಳಿ' ಎಂದು ಕೇಳಲು ಸಂಕೋಚ ಬೇಡ. ಲಕ್ಷಗಟ್ಟಲೆ ಮಾಲಿಗೆ ಇದು ಸಲ್ಲುವ ಬೇಡಿಕೆ. ಒಪ್ಪದಿದ್ದರೆ ವಾಪಸ್ ತೆಗೆದುಕೊಳ್ಳುವ ಷರತ್ತನ್ನಾದರೂ ಬಿಲ್ ಮೇಲೆ ಬರೆಸಿ.

ಹಂತ 8: ಕರೆಂಟ್, ವೈರ್, ಸ್ಟ್ಯಾಂಡ್

ಕೋಣೆಗೆ ಎಂಸಿಬಿಯಿಂದ ಬೇರೆಯೇ ಲೈನ್ ಎಳೆಸಿ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಅಳೆಸಿ. ಸ್ಪೀಕರ್‌ನಲ್ಲಿ ಗುಂಯ್ ಸದ್ದು ಬರುತ್ತದೆ ಎಂದು ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕುವವರಿದ್ದಾರೆ. ಪ್ರಾಣಕ್ಕೆ ಅಪಾಯ, ಮಾಡಲೇಬೇಡಿ. ಎಲ್ಲ ಯಂತ್ರಗಳನ್ನೂ ಒಂದೇ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಆ ಸದ್ದು ನಿಲ್ಲುತ್ತದೆ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆಂಪ್ಲಿಫೈಯರ್ ಹಾಕಬೇಡಿ. ಸೈನ್ ವೇವ್ ಇರಲಿ.

ಸ್ಪೀಕರ್ ವೈರ್‌ಗೆ ಸಾವಿರಾರು ಸುರಿಯಬೇಕಿಲ್ಲ. 2.5 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ವೈರ್ ಮನೆಯ ದೂರಕ್ಕೆ ಧಾರಾಳ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕೂಡಿಸಿ. ಒಂದು ಸ್ಪೀಕರ್‌ಗೆ ಉಲ್ಟಾ ಆದರೆ ಬೇಸ್ ಮಾಯವಾಗಿ ನಡುವಿನ ದನಿ ಚದುರುತ್ತದೆ.

ಬುಕ್‌ಶೆಲ್ಫ್‌ನ ಟ್ವೀಟರ್ ಕೂತಾಗ ಕಿವಿಯ ಮಟ್ಟಕ್ಕೆ ಬರಬೇಕು. ಕುರ್ಚಿಯಲ್ಲಿ ಕೂತು ನೆಲದಿಂದ ಕಿವಿವರೆಗೆ ಅಳೆದು ಸ್ಟ್ಯಾಂಡ್ ಎತ್ತರ ಹೇಳಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಸ್ಟ್ಯಾಂಡ್ ಮಾಡಿಸಿ, ಕೆಳಗೆ ಗ್ರಾನೈಟ್ ತುಂಡು ಹಾಕಿ, ಪೈಪಿನೊಳಗೆ ಒಣ ಮರಳು ತುಂಬಿದರೆ ಗಟ್ಟಿಯಾಗಿ ನಿಲ್ಲುತ್ತದೆ.

ಹಂತ 9: ದುಡ್ಡು ಕೊಡುವಾಗ

ಜಿಎಸ್‌ಟಿ ಬಿಲ್ ಮೇಲೆ ಎರಡೂ ಸ್ಪೀಕರ್‌ನ ಸೀರಿಯಲ್ ನಂಬರ್ ಇರಬೇಕು. ವಾರಂಟಿ ಭಾರತದ ಅಧಿಕೃತ ವಿತರಕರದೋ, ಬರೀ ಅಂಗಡಿಯದೋ ಕೇಳಿ. ವಿದೇಶದಿಂದ ಸೂಟ್‌ಕೇಸಿನಲ್ಲಿ ಬಂದ ಮಾಲು ಅಗ್ಗ ಸಿಗಬಹುದು, ಕೆಟ್ಟರೆ ಯಾರೂ ಮುಟ್ಟುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರು ವೂಫರ್ ಸುತ್ತಲಿನ ಮೆತ್ತನೆ ಉಂಗುರವನ್ನು ಬೆರಳಿನಿಂದ ಹಗುರವಾಗಿ ಒತ್ತಿ. ಹಳೆಯ ಫೋಮ್ ಉಂಗುರ ವರ್ಷ ಕಳೆದಂತೆ ಪುಡಿಯಾಗುತ್ತದೆ, ರಬ್ಬರ್ ಹೆಚ್ಚು ಬಾಳುತ್ತದೆ. ಕೋನನ್ನು ಎರಡೂ ಕಡೆ ಸಮವಾಗಿ ಒಳಗೆ ತಳ್ಳಿದಾಗ ಕರಕರ ಎಂದರೆ ಒಳಗಿನ ಸುರುಳಿ ಉಜ್ಜುತ್ತಿದೆ, ಬಿಟ್ಟುಬಿಡಿ. ಟ್ವೀಟರ್ ಗುಮ್ಮಟವನ್ನು ಮಾತ್ರ ಮುಟ್ಟಬೇಡಿ.

ಮನೆಗೆ ಬಂದ ಮೇಲೆ ಪಶ್ಚಿಮದ ಬಿಸಿಲು ನೇರ ಬೀಳದಂತೆ ಇಡಿ. ಚಿತ್ರದುರ್ಗದ ಗಾಳಿ, ಧೂಳಿಗೆ ಕಿಟಕಿ ತೆರೆದಿಡುವವರು ಕೇಳದ ಹೊತ್ತಲ್ಲಿ ಸ್ಪೀಕರ್‌ನ ಮುಂದಿನ ಗ್ರಿಲ್ ಹಾಕಿ ಮೇಲೊಂದು ಹತ್ತಿ ಬಟ್ಟೆ ಹೊದಿಸಿ. ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಎಸೆಯಬೇಡಿ. ರಿಪೇರಿಗೆ ಬೆಂಗಳೂರಿಗೆ ಲಾರಿ ಪಾರ್ಸಲ್ ಮಾಡಬೇಕಾದರೆ ಅವೇ ಬೇಕು.